ಕುದುರೆಯ ಲಾಡಿಹುಳು: ಟ್ಯೂಬ್ ತರುವ ಮೊದಲು ಹುಲ್ಲು ನೋಡಿ

ಮಳೆಗಾಲ ಮುಗಿದು ಬೀಚಿನ ಸೀಸನ್ ಶುರುವಾಗುವ ಹೊತ್ತಿಗೆ ನನಗೆ ಒಂದೇ ಬಗೆಯ ಫೋನು ಬರುತ್ತದೆ. "ಲದ್ದಿಯಲ್ಲಿ ಬಿಳಿ ಹುಳ ಕಂಡಿತು. ಪಕ್ಕದ ಕುದುರೆಗೂ ಹತ್ತುತ್ತದಾ? ಬೇರೆ ಕಡೆ ಕಟ್ಟಬೇಕಾ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಅವರಿಗೆ?"

ಬೇರೆ ಕಡೆ ಕಟ್ಟುವುದರಿಂದ ಏನೂ ಆಗುವುದಿಲ್ಲ. ಮಕ್ಕಳಿಗೆ ಇದು ಬರುವುದಿಲ್ಲ. ಪಕ್ಕದ ಕುದುರೆಗೆ ಬರಬಹುದು. ಆದರೆ ಪಕ್ಕದಲ್ಲಿ ನಿಂತದ್ದರಿಂದಲ್ಲ, ಒಂದೇ ಹುಲ್ಲು ಮೇಯ್ದದ್ದರಿಂದ. ಈ ಕೊನೆಯ ಮಾತು ತಲೆಗೆ ಹೋದರೆ ಉಳಿದದ್ದೆಲ್ಲ ಸಲೀಸು.

ನಾನು ವೈದ್ಯನಲ್ಲ. ಕುಮಟಾ, ಅಂಕೋಲಾ ಕಡೆಯ ಪಶು ಆಸ್ಪತ್ರೆಗಳಲ್ಲಿ ವೈದ್ಯರ ಜೊತೆಗಿದ್ದು ಕೆಲಸ ಮಾಡಿ ನಿವೃತ್ತನಾದವನು. ಈಗ ಮನೆಯಲ್ಲಿ ಎರಡು ಕುದುರೆಗಳಿವೆ. ಒಂದು ವಯಸ್ಸಾದ ಹೆಣ್ಣು, ಗೌರಿ. ಇನ್ನೊಂದು ತುಂಟ ಗಂಡು. ನಮ್ಮದು ದನ, ಎಮ್ಮೆಗಳ ಜಿಲ್ಲೆ. ಕುದುರೆ ಅಂದರೆ ದಂಡೆಯ ಮೇಲೆ ಸವಾರಿಗೆ ನಿಲ್ಲಿಸಿದ್ದು, ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಕೊಡುವುದು, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ಯಾರೋ ಒಬ್ಬರು ಆಸೆಗೆ ಸಾಕಿದ್ದು, ಅಷ್ಟೇ. ಹಾಗಾಗಿ ಕುದುರೆಗೆ ಏನಾದರೂ ಆದರೆ ನಮ್ಮ ಜನ ದನದ ಲೆಕ್ಕವನ್ನೇ ಹಾಕುತ್ತಾರೆ. ದನಕ್ಕೆ ಕೊಟ್ಟು ಉಳಿದ ಮಾತ್ರೆ ಕಪಾಟಿನಲ್ಲಿ ಇದ್ದೇ ಇರುತ್ತದೆ. ಗೋಳು ಶುರುವಾಗುವುದು ಅಲ್ಲಿಂದ.

ಹುಳ ಬರುವ ದಾರಿ

ಕುದುರೆಗೆ ಬರುವ ಲಾಡಿಹುಳುಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಎಲ್ಲಕ್ಕಿಂತ ಜಾಸ್ತಿ ಕಾಣುವುದು ಮತ್ತು ತೊಂದರೆ ಕೊಡುವುದು ಅನೊಪ್ಲೊಸೆಫಲಾ ಪರ್ಫೋಲಿಯೇಟಾ. ಹೆಸರು ದೊಡ್ಡದಾದರೂ ಹುಳ ಸಣ್ಣದು. ಬೆಳೆದದ್ದು 8 ಸೆಂಟಿಮೀಟರ್ ಒಳಗೇ ಇರುತ್ತದೆ. ಸಣ್ಣ ಕರುಳು ಮುಗಿದು ದೊಡ್ಡ ಕರುಳಿನ ಚೀಲ ಶುರುವಾಗುವ ಜಾಗವಿದೆಯಲ್ಲ, ಅಲ್ಲಿ ಗುಂಪುಗುಂಪಾಗಿ ಕಚ್ಚಿಕೊಂಡು ಕೂರುತ್ತದೆ. ಎರಡನೆಯದು ಅನೊಪ್ಲೊಸೆಫಲಾ ಮ್ಯಾಗ್ನಾ. ಅದು ಸಣ್ಣ ಕರುಳಿನಲ್ಲಿರುತ್ತದೆ, 80 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು. ಮೂರನೆಯದು ಇವೆರಡಕ್ಕಿಂತ ಪುಟ್ಟದು, ಅದರ ತಂಟೆಯೂ ಕಡಿಮೆ.

ಇವುಗಳ ಮೊಟ್ಟೆ ಲದ್ದಿಯ ಜೊತೆ ಹೊರಗೆ ಬೀಳುತ್ತದೆ. ಆ ಮೊಟ್ಟೆಯನ್ನು ಇನ್ನೊಂದು ಕುದುರೆ ನೇರವಾಗಿ ತಿಂದರೂ ಅದಕ್ಕೆ ಹುಳ ಆಗುವುದಿಲ್ಲ. ನಡುವೆ ಒಬ್ಬ ದಲ್ಲಾಳಿ ಬೇಕೇ ಬೇಕು. ಆ ದಲ್ಲಾಳಿ ಮಣ್ಣಿನ ನುಸಿ.

ನುಸಿ ಅಂದ ಕೂಡಲೇ ನಮ್ಮವರಿಗೆ ತೆಂಗಿನಕಾಯಿ ನುಸಿ ನೆನಪಾಗುತ್ತದೆ. ಇದು ಅದಲ್ಲ. ಕಾಡಿಗೆ ಹೋದರೆ ಕಾಲಿಗೆ ಹತ್ತುವ ಉಣುಗೂ ಅಲ್ಲ. ಇದು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಒರಿಬ್ಯಾಟಿಡ್ ನುಸಿ ಎನ್ನುತ್ತಾರೆ. ಒಂದು ಮಿಲಿಮೀಟರಿಗಿಂತ ಚಿಕ್ಕದು, ಕಂದು ಬಣ್ಣದ ಗಟ್ಟಿ ಚಿಪ್ಪು. ಕೊಳೆತ ಎಲೆ, ಹುಲ್ಲಿನ ಬುಡದ ಮಣ್ಣು, ಬೂಷ್ಟು ಇದರ ಊಟ. ಬೇಣದಲ್ಲಿ (ಹುಲ್ಲುಗಾವಲಿನಲ್ಲಿ), ದರಕಿನ (ಒಣಗಿ ಬಿದ್ದ ಎಲೆಯ) ರಾಶಿಯಲ್ಲಿ ಲೆಕ್ಕವಿಲ್ಲದಷ್ಟು ಇರುತ್ತವೆ. ಹುಲ್ಲಿನಲ್ಲಿ ಬಿದ್ದ ಲದ್ದಿಯಿಂದ ಇದು ಹುಳದ ಮೊಟ್ಟೆ ತಿನ್ನುತ್ತದೆ. ಅದರ ಮೈಯೊಳಗೆ ಮರಿ ಬೆಳೆಯಲು ಸುಮಾರು 2ರಿಂದ 4 ತಿಂಗಳು ಬೇಕು. ಆಮೇಲೆ ಆ ನುಸಿ ಹುಲ್ಲಿನ ಜೊತೆ ಕುದುರೆಯ ಹೊಟ್ಟೆ ಸೇರಬೇಕು. ಅಲ್ಲಿ ಮರಿ ಹೊರಬಂದು, ಕರುಳು ಹಿಡಿದು, ದೊಡ್ಡದಾಗಿ ಮೊಟ್ಟೆ ಇಡಲು ಇನ್ನೂ 6ರಿಂದ 10 ವಾರ.

ಅಂದರೆ ಇವತ್ತು ಲದ್ದಿಯಲ್ಲಿ ಕಂಡ ಹುಳ ನಿನ್ನೆ ಮೊನ್ನೆಯದ್ದಲ್ಲ. ಹೋದ ವಾರ ಮಾರಿದವನನ್ನು ಬೈಯುವ ಮೊದಲು, ಮೂರು ತಿಂಗಳ ಹಿಂದೆ ಕುದುರೆ ಎಲ್ಲಿ ಮೇಯುತ್ತಿತ್ತು ಅಂತ ನೆನಪು ಮಾಡಿಕೊಳ್ಳಿ.

ಹರಡುವ ವಿಷಯದಲ್ಲಿ ಇನ್ನೆರಡು ಮಾತು. ಕತ್ತೆ, ಹೇಸರಗತ್ತೆಗಳಿಗೂ ಇದೇ ಹುಳ ಬರುತ್ತದೆ. ಹಾಗಾಗಿ ಅವು ನಿಮ್ಮ ಬೇಣಕ್ಕೆ ಬಂದು ಮೇಯುತ್ತಿದ್ದರೆ ಕುದುರೆ ಎಂದೇ ಲೆಕ್ಕ. ದನಕ್ಕೆ ಬರುವ ಲಾಡಿಹುಳು ಬೇರೆ. ಅದೂ ಇಂಥದೇ ನುಸಿಯ ಮೂಲಕ ಬರುವುದು ನಿಜ, ಆದರೆ ದನದ್ದು ಕುದುರೆಗೆ ಬರುವುದಿಲ್ಲ, ಕುದುರೆಯದ್ದು ದನಕ್ಕೆ ಬರುವುದಿಲ್ಲ.

ಮನುಷ್ಯರಿಗೆ? ಕುದುರೆಯ ಲಾಡಿಹುಳು ನಮಗೆ ಬರುವುದಿಲ್ಲ. ಲಾಯದಲ್ಲಿ ಆಡುವ ಮಕ್ಕಳಿಗೆ ನಿಜವಾದ ಚಿಂತೆ ಇರುವುದು ಅಲ್ಲೇ ಬಾಗಿಲಲ್ಲಿ ಮಲಗುವ ನಾಯಿಯಿಂದ. ನಾಯಿಯ ಕರುಳಿನಲ್ಲಿ ಎಕಿನೊಕಾಕಸ್ ಎಂಬ ಕಿರಿದಾದ ಲಾಡಿಹುಳು ಇರಬಹುದು. ಅದರ ಮೊಟ್ಟೆ ಕೈಯಿಂದ ಬಾಯಿಗೆ ಹೋದರೆ ಮನುಷ್ಯನ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ನೀರುಗುಳ್ಳೆ ಬೆಳೆಯುತ್ತದೆ. ಆದ್ದರಿಂದ ಕುದುರೆಗೆ ಔಷಧ ತರುವ ದಿನವೇ ನಾಯಿಗೂ ಅದರದ್ದೇ ಮಾತ್ರೆ ಕೇಳಿ ತನ್ನಿ. ಸತ್ತ ಪ್ರಾಣಿಯ ಕರುಳು, ಯಕೃತ್ತು ನಾಯಿಗೆ ಎಸೆಯಬೇಡಿ.

ಕಂಡದ್ದು ಲಾಡಿಹುಳುವೇ ಹೌದಾ?

ಬಿಳಿಯದೆಲ್ಲ ಲಾಡಿಹುಳು ಅಲ್ಲ. ಮರಿ ಕುದುರೆಯ ಲದ್ದಿಯಲ್ಲಿ ಗೇಣುದ್ದದ, ದುಂಡಗಿನ, ಎರಡೂ ತುದಿ ಚೂಪಾದ ಹುಳ ಬಿದ್ದರೆ ಅದು ಜಂತುಹುಳು. ಬಾಲದ ಬುಡವನ್ನು ಕಂಬಕ್ಕೆ ಉಜ್ಜಿ ಉಜ್ಜಿ ಕೂದಲು ಕಿತ್ತುಹೋಗಿದ್ದರೆ ಸೂಜಿಹುಳುವಿನ ಅನುಮಾನ. ಲದ್ದಿಯಲ್ಲಿ ಕೆಂಪು-ಕಂದು ಬಣ್ಣದ, ಪೀಪಾಯಿ ಆಕಾರದ ದಪ್ಪ ಹುಳ ಕಂಡರೆ ಅದು ಹುಳವೇ ಅಲ್ಲ, ಒಂದು ಬಗೆಯ ನೊಣದ ಮರಿ. ಕುದುರೆಯ ಮುಂಗಾಲಿನ ಕೂದಲಿಗೆ ಹಳದಿ ಚುಕ್ಕೆಯಂತೆ ಅಂಟಿರುತ್ತವಲ್ಲ, ಆ ಮೊಟ್ಟೆಗಳಿಂದ ಬಂದದ್ದು.

ಲಾಡಿಹುಳು ಚಪ್ಪಟೆ. ಔಷಧ ಕೊಟ್ಟ ಮಾರನೇ ದಿನ ಗೌರಿಯ ಲದ್ದಿಯನ್ನು ಕೋಲಿನಿಂದ ಬಿಡಿಸಿ, ಬಕೆಟ್ ನೀರಿನಲ್ಲಿ ಅಲ್ಲಾಡಿಸಿ, ಹಳೇ ಸೊಳ್ಳೆಪರದೆ ಬಟ್ಟೆಯಲ್ಲಿ ಸೋಸಿದಾಗ ಸಿಕ್ಕಿದ್ದನ್ನು ಹೇಳುತ್ತೇನೆ. ಕಿರುಬೆರಳಿನ ಅರ್ಧದಷ್ಟು ಉದ್ದ, ಕೆನೆ ಬಣ್ಣ, ಹುಳ ಎನ್ನುವುದಕ್ಕಿಂತ ಮಾಂಸದ ತುಂಡು ಎನ್ನಬೇಕು. ಅಡ್ಡಡ್ಡ ಗೆರೆ, ಒತ್ತೊತ್ತಾಗಿ. ಒಂದು ತುದಿಯಲ್ಲಿ ಗುಂಡುಪಿನ್ನಿನ ತಲೆಗಿಂತ ತುಸು ದಪ್ಪದ ತಲೆ. ಭೂತಗನ್ನಡಿ ಹಿಡಿದರೆ ತಲೆಯಲ್ಲಿ ನಾಲ್ಕು ಬಟ್ಟಲು ಕಾಣುತ್ತವೆ. ಕಚ್ಚಿ ಹಿಡಿಯುವುದು ಅವುಗಳಿಂದಲೇ. ತಲೆಯ ಕೆಳಗೆ ನಾಲ್ಕು ಪುಟ್ಟ ಜೋಲು ಕಿವಿಗಳಂಥವು ಇದ್ದರೆ ಅದು ಪರ್ಫೋಲಿಯೇಟಾನೇ. ಬಾಯಿ ಹುಡುಕಬೇಡಿ, ಅದಕ್ಕೆ ಬಾಯಿಲ್ಲ. ಕರುಳಿನ ರಸವನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ.

ನಾಯಿಯ ಹಿಂಭಾಗದಲ್ಲಿ ಸೌತೆಬೀಜದಂಥ ತುಂಡುಗಳು ಅಂಟಿಕೊಂಡಿರುವುದನ್ನು ನೋಡಿರುತ್ತೀರಿ. ಕುದುರೆಯಲ್ಲೂ ಹಾಗೇ ಕಾಣುತ್ತದೆ ಅಂತ ಕಾಯಬೇಡಿ. ತುಂಡುಗಳು ಒಳಗೇ ಒಡೆದು ಪುಡಿಯಾಗುತ್ತವೆ. ಹೊಟ್ಟೆ ತುಂಬ ಹುಳವಿದ್ದರೂ ಲದ್ದಿ ಚೊಕ್ಕಟವಾಗಿ ಕಾಣಬಹುದು.

ರೋಗದ ಲಕ್ಷಣ ಅಂತ ಎದ್ದು ಕಾಣುವುದು ಏನೂ ಇಲ್ಲ. ಎಷ್ಟೋ ಕುದುರೆಗಳು ಹುಳ ಇಟ್ಟುಕೊಂಡೇ ಮೈ ಮಿರಮಿರ ಮಿಂಚುತ್ತಾ ಓಡಾಡುತ್ತವೆ. ಗಮನಿಸಬೇಕಾದ್ದು ಒಂದೇ: ಮತ್ತೆ ಮತ್ತೆ ಬಂದು ತಾನಾಗಿ ಹೋಗುವ ಸಣ್ಣ ಹೊಟ್ಟೆನೋವು. ತಿನ್ನುತ್ತಾ ತಿನ್ನುತ್ತಾ ನಿಲ್ಲಿಸಿ ಪಕ್ಕೆ ನೋಡಿಕೊಳ್ಳುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಮಲಗುವುದು ಏಳುವುದು. ಹುಳ ಕೂರುವ ಜಾಗ ಕರುಳಿನ ಇಕ್ಕಟ್ಟಾದ ಬಾಗಿಲು. ಅಲ್ಲಿ ಗಾಯವಾಗಿ, ಊದಿ, ದಪ್ಪವಾದರೆ ಮೇವು ಮುಂದೆ ಹೋಗುವುದಿಲ್ಲ. ಕೆಲವೊಮ್ಮೆ ಕರುಳಿನೊಳಗೆ ಕರುಳೇ ತೂರಿಕೊಳ್ಳುತ್ತದೆ. 1998ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಒಂದು ಅಧ್ಯಯನದ ಪ್ರಕಾರ, ಸಣ್ಣ ಕರುಳಿನ ತುದಿಯಲ್ಲಿ ಮೇವು ಕಟ್ಟಿಕೊಂಡ ಪ್ರಕರಣಗಳಲ್ಲಿ ಶೇ. 81ಕ್ಕೆ, ಸೆಳೆತದ ಹೊಟ್ಟೆನೋವಿನಲ್ಲಿ ಶೇ. 22ಕ್ಕೆ ಈ ಹುಳದ ನಂಟಿತ್ತು. ಹುಳ ಸಣ್ಣದು ಅಂತ ಸುಮ್ನೆ ಬಿಡುವಂತಿಲ್ಲ, ಅಲ್ವಾ?

ಲದ್ದಿ ಪರೀಕ್ಷೆ ಮಾಡಿಸುವಾಗ

ಲದ್ದಿ ಕೊಟ್ಟೆವು, "ಹುಳ ಇಲ್ಲ" ಅಂತ ಬಂತು, ನಿಶ್ಚಿಂತೆ ಎನ್ನುವವರು ಇದನ್ನು ಓದಿ. ಮಾಮೂಲಿ ಮೊಟ್ಟೆ ಎಣಿಕೆ ದುಂಡು ಹುಳಗಳಿಗೆ ಚೆನ್ನಾಗಿ ಹೊಂದುತ್ತದೆ. ಲಾಡಿಹುಳು ಪ್ರತಿ ಲದ್ದಿಯಲ್ಲೂ ಸಮನಾಗಿ ಮೊಟ್ಟೆ ಬಿಡುವುದಿಲ್ಲ. ಒಂದು ತುಂಡು ಒಡೆದಲ್ಲಿ ರಾಶಿ, ಪಕ್ಕದ ಉಂಡೆಯಲ್ಲಿ ಸೊನ್ನೆ. ಹಾಗಾಗಿ ಮೊಟ್ಟೆ ಕಂಡರೆ ಹುಳ ಇರುವುದು ಖಂಡಿತ. ಕಾಣದಿದ್ದರೆ ಹುಳ ಇಲ್ಲ ಎಂದು ಹೇಳಲು ಬರುವುದಿಲ್ಲ.

ಸಿಗುವ ಸಾಧ್ಯತೆ ಹೆಚ್ಚಿಸಲು ಹೀಗೆ ಮಾಡಿ. ಆಗಷ್ಟೇ ಹಾಕಿದ ಲದ್ದಿ ತೆಗೆದುಕೊಳ್ಳಿ. ನೆಲಕ್ಕೆ ತಾಗಿದ ಅಡಿಭಾಗ ಬೇಡ. ನಾಲ್ಕೈದು ಉಂಡೆಗಳನ್ನು ಒಡೆದು ಒಳಗಿನಿಂದ ಸ್ವಲ್ಪ ಸ್ವಲ್ಪ ಸೇರಿಸಿ ಒಂದು ಹಿಡಿ ಮಾಡಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಾಳಿ ಒತ್ತಿ ತೆಗೆದು ಗಂಟು ಹಾಕಿ. ಕುದುರೆಯ ಹೆಸರು, ತಾರೀಕು ಬರೆಯಿರಿ. ನಮ್ಮ ಕರಾವಳಿಯ ಸೆಕೆಯಲ್ಲಿ ಅದು ಮಧ್ಯಾಹ್ನದೊಳಗೆ ಹಾಳಾಗುತ್ತದೆ. ಮೀನು ತರುವ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಹಾಕಿ ಒಯ್ಯಿರಿ, ಚೀಲ ನೇರ ಐಸಿಗೆ ತಾಗದಂತೆ ನಡುವೆ ಪೇಪರ್ ಇಡಿ. ಕೊಡುವಾಗ ಬಾಯಿಬಿಟ್ಟು ಹೇಳಿ: "ಲಾಡಿಹುಳುವಿನ ಮೊಟ್ಟೆಯನ್ನೂ ನೋಡಬೇಕು, ಜಾಸ್ತಿ ಲದ್ದಿ ತೆಗೆದುಕೊಂಡು ಸಕ್ಕರೆ ದ್ರಾವಣದಲ್ಲಿ ಸೆಂಟ್ರಿಫ್ಯೂಜ್ ಮಾಡಿ ನೋಡಿ." ಹೇಳದಿದ್ದರೆ ಮಾಮೂಲಿ ಎಣಿಕೆ ಮಾಡಿ ಕಳಿಸುತ್ತಾರೆ. ಅದರಲ್ಲಿ ಅವರದ್ದೇನೂ ತಪ್ಪಿಲ್ಲ.

ಇನ್ನೊಂದು ಉಪಾಯವಿದೆ. ಔಷಧ ಕೊಟ್ಟು ಸುಮಾರು 24 ಗಂಟೆಯ ನಂತರದ ಲದ್ದಿ ಪರೀಕ್ಷಿಸಿದರೆ ಮೊಟ್ಟೆ ಸಿಗುವ ಸಂಭವ ಹೆಚ್ಚು. ಹುಳ ಸತ್ತು ಒಡೆದು ಮೊಟ್ಟೆ ಒಟ್ಟಿಗೇ ಹೊರಬರುತ್ತದೆ. ಔಷಧ ಕೊಟ್ಟ ಮೇಲೆ ಪರೀಕ್ಷೆ ಯಾಕೆ ಅಂತ ಕೇಳಬೇಡಿ. ನಿಮ್ಮ ಹುಲ್ಲಿನಲ್ಲಿ ಈ ಹುಳ ಇದೆಯೋ ಇಲ್ಲವೋ ಎನ್ನುವುದು ಅದರಿಂದ ಗೊತ್ತಾಗುತ್ತದೆ. ಒಂದು ಕುದುರೆಯಲ್ಲಿ ಸಿಕ್ಕಿತು ಅಂದರೆ ಅದೇ ಜಾಗದಲ್ಲಿ ಮೇಯುವ ಎಲ್ಲ ಕುದುರೆಗಳದ್ದೂ ಅದೇ ಕತೆ. ಇಂಗ್ಲೆಂಡಿನಲ್ಲಿ ರಕ್ತ ಪರೀಕ್ಷೆ, ಜೊಲ್ಲಿನ ಪರೀಕ್ಷೆಯಿಂದಲೂ ಪತ್ತೆ ಮಾಡುತ್ತಾರೆ. ಕುಮಟೆಯಲ್ಲಿ ಕೂತು ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಔಷಧ

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ.

ಐವರ್ಮೆಕ್ಟಿನ್ ಲಾಡಿಹುಳುವನ್ನು ಕೊಲ್ಲುವುದಿಲ್ಲ. ಫೆನ್‌ಬೆಂಡಜೋಲ್ ಕುದುರೆಯ ಲಾಡಿಹುಳುವಿಗೆ ಸಾಲುವುದಿಲ್ಲ. "ಮೂರು ತಿಂಗಳಿಗೊಮ್ಮೆ ತಪ್ಪದೇ ಹುಳದ ಔಷಧ ಹಾಕುತ್ತೇನೆ" ಎನ್ನುವವರ ಟ್ಯೂಬ್ ತಿರುಗಿಸಿ ನೋಡಿದರೆ ಬರೀ ಐವರ್ಮೆಕ್ಟಿನ್ ಇರುತ್ತದೆ. ದುಂಡು ಹುಳಗಳು ಸತ್ತಿರುತ್ತವೆ, ಲಾಡಿಹುಳು ಆರಾಮಾಗಿ ಇರುತ್ತದೆ. ಅಷ್ಟೇ ಅಲ್ಲ, ಬೇಕಿಲ್ಲದಾಗಲೂ ಒಂದೇ ಔಷಧ ಹಾಕುತ್ತಾ ಹೋದರೆ ದುಂಡು ಹುಳಗಳೂ ಅದಕ್ಕೆ ಒಗ್ಗಿಕೊಳ್ಳುತ್ತವೆ.

ಲಾಡಿಹುಳುವಿಗೆ ಕೆಲಸ ಮಾಡುವುದು ಎರಡು. ಮೊದಲನೆಯದು ಪ್ರಾಜಿಕ್ವಾಂಟೆಲ್, ಒಂದು ಕಿಲೋ ತೂಕಕ್ಕೆ ಸಾಮಾನ್ಯವಾಗಿ 1ರಿಂದ 2.5 ಮಿಲಿಗ್ರಾಂ. ಇದು ಐವರ್ಮೆಕ್ಟಿನ್ ಜೊತೆ ಸೇರಿಸಿದ ಪೇಸ್ಟ್ ಆಗಿ ಬರುತ್ತದೆ. ಎರಡನೆಯದು ಪೈರಾಂಟೆಲ್ ಪಾಮೋಯೇಟ್. ದುಂಡು ಹುಳಕ್ಕೆ ಕಿಲೋಗೆ 6.6 ಮಿಲಿಗ್ರಾಂ ಕೊಟ್ಟರೆ ಲಾಡಿಹುಳುವಿಗೆ ಅದರ ಎರಡು ಪಟ್ಟು, 13.2 ಮಿಲಿಗ್ರಾಂ ಬೇಕು. ಯಾವುದು, ಎಷ್ಟು ಅಂತ ಬರೆದುಕೊಡಬೇಕಾದವರು ವೈದ್ಯರು. ಗಬ್ಬದ ಕುದುರೆ, ಮರಿ, ಬಡಕಲು ಕುದುರೆ ಆದರೆ ಅದನ್ನು ಮೊದಲೇ ತಿಳಿಸಿ. ಅಮೆರಿಕದ ಕೆಂಟಕಿಯಲ್ಲಿ ಈ ಎರಡೂ ಔಷಧಗಳು ಸರಿಯಾಗಿ ಕೆಲಸ ಮಾಡದ ವರದಿ 2023ರಲ್ಲಿ ಬಂದಿದೆ. ಇರುವುದೇ ಎರಡು ಔಷಧ. ದಂಡ ಮಾಡಿಕೊಳ್ಳುವುದು ಬೇಡ.

ದಂಡವಾಗುವುದು ಹೇಗೆಂದರೆ, ಕಡಿಮೆ ಕೊಟ್ಟು. ಕುದುರೆಯ ತೂಕವನ್ನು ಕಣ್ಣಳತೆಯಲ್ಲಿ ಹೇಳುವವರು ಜಾಸ್ತಿ. ಬಟ್ಟೆ ಹೊಲಿಯುವವರ ಟೇಪ್ ತನ್ನಿ. ಮುಂಗಾಲಿನ ಹಿಂದೆ, ಜೀನಿನ ಪಟ್ಟಿ ಬರುವ ಜಾಗದಲ್ಲಿ ಎದೆಯ ಸುತ್ತಳತೆ ತೆಗೆಯಿರಿ. ಆಮೇಲೆ ಭುಜದ ಮುಂದಿನ ಮೂಳೆಯಿಂದ ಪೃಷ್ಠದ ಹಿಂದಿನ ಮೂಳೆಯವರೆಗೆ ಉದ್ದ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 150, ಉದ್ದ 140 ಇದ್ದರೆ ಸುಮಾರು 265 ಕಿಲೋ. ಕಿಲೋಗೆ 1.5 ಮಿಲಿಗ್ರಾಂ ಲೆಕ್ಕದಲ್ಲಿ ಅದಕ್ಕೆ ಪ್ರಾಜಿಕ್ವಾಂಟೆಲ್ ಸುಮಾರು 400 ಮಿಲಿಗ್ರಾಂ ಆಯಿತು. ಪೇಸ್ಟಿನ ಪಿಚಕಾರಿಯ ಕಡ್ಡಿಯ ಮೇಲೆ ತೂಕದ ಗುರುತು ಇರುತ್ತದೆ. ಉಂಗುರವನ್ನು ಆ ಗುರುತಿಗೆ ತಿರುಗಿಸಿ ಬಿಗಿ ಮಾಡಿ. ಎರಡು ಗುರುತುಗಳ ನಡುವೆ ಬಂದರೆ ಮೇಲಿನದಕ್ಕೆ.

ಕೊಡುವ ಮೊದಲು ಬಾಯಲ್ಲಿ ಹುಲ್ಲಿನ ಮುದ್ದೆ ಇಲ್ಲ ಅಂತ ನೋಡಿ. ಇದ್ದರೆ ಔಷಧ ಅದಕ್ಕೇ ಅಂಟಿಕೊಂಡು ಹೊರಬೀಳುತ್ತದೆ. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗವಿದೆ, ಕಡಿವಾಣ ಕೂರುವ ಜಾಗ. ಬಾಯಿಯ ಮೂಲೆಯಿಂದ ಪಿಚಕಾರಿ ಅಲ್ಲಿ ತೂರಿಸಿ, ನಾಲಿಗೆಯ ಹಿಂಭಾಗಕ್ಕೆ ಒತ್ತಿ, ನುಂಗುವವರೆಗೆ ತಲೆಯನ್ನು ಸ್ವಲ್ಪ ಎತ್ತಿ ಹಿಡಿಯಿರಿ. ನನ್ನ ಗಂಡು ಕುದುರೆ ನುಂಗಿದ ಹಾಗೆ ಮಾಡಿ, ನಾನು ಬೆನ್ನು ತಿರುಗಿಸಿದ ಮೇಲೆ ಉಗುಳುತ್ತದೆ. ಅದಕ್ಕೆ ಪಿಚಕಾರಿಯ ಮೇಲೆ ಕಾಕಂಬಿ ಬೆಲ್ಲ ಸವರಿ, ಔಷಧ ಇಲ್ಲದೆಯೇ ಕೆಲವು ದಿನ ನೆಕ್ಕಿಸಿ ರೂಢಿ ಮಾಡಿದ್ದೇನೆ. ಈಗ ತಾನೇ ಬಾಯಿ ಚಾಚುತ್ತದೆ.

ನಾಯಿಯ ಮಾತ್ರೆಯಲ್ಲೂ ಪ್ರಾಜಿಕ್ವಾಂಟೆಲ್ ಇದೆಯಲ್ಲ, ಅದನ್ನೇ ಹತ್ತು ಪುಡಿ ಮಾಡಿ ಹುರುಳಿಯಲ್ಲಿ ಕಲಸಿದರೆ ಆಗದೇ? ಆಗದು. ಅದರಲ್ಲಿ ಬೇರೆ ಔಷಧಗಳೂ ಬೆರೆತಿರುತ್ತವೆ, ಲೆಕ್ಕ ತಪ್ಪುತ್ತದೆ. ಕುದುರೆ ಹುರುಳಿ ತಿಂದು ಪುಡಿಯನ್ನು ಬಕೆಟಿನ ತಳದಲ್ಲಿ ಬಿಡುವುದಂತೂ ಗ್ಯಾರಂಟಿ. ಹಾಗೆಯೇ ದನದ ಉಣುಗಿಗೆ ಬಳಸುವ ಅಮಿಟ್ರಾಜ್ ಔಷಧವನ್ನು ಕುದುರೆಯ ಮೈಗೆ ಹಾಕಲೇಬೇಡಿ. ಅದು ಕುದುರೆಯ ಕರುಳಿನ ಚಲನೆಯನ್ನೇ ನಿಲ್ಲಿಸಿ ಮೇವು ಕಟ್ಟಿಸಬಲ್ಲದು. ಲಾಡಿಹುಳುವಿನ ಮಾತಿಗೆ ಇದು ನೇರ ಸೇರದಿದ್ದರೂ, ಕೊಟ್ಟಿಗೆ ಮತ್ತು ಲಾಯ ಒಂದೇ ಮಾಡಿನ ಕೆಳಗೆ ಇರುವ ನಮ್ಮ ಮನೆಗಳಲ್ಲಿ ಹೇಳದೇ ಇರಲಾಗದು.

ಯಾವಾಗ ಕೊಡುವುದು? ಬೇರೆ ದೇಶಗಳಲ್ಲಿ ಮೇಯುವ ಕಾಲ ಮುಗಿದು ಚಳಿ ಬರುವಾಗ ವರ್ಷಕ್ಕೊಮ್ಮೆ ಕೊಡುವ ರೂಢಿ ಹೆಚ್ಚು. ನಮ್ಮಲ್ಲಿ ಹಸಿ ಹುಲ್ಲಿನ ಕಾಲ ಜೂನ್‌ನಿಂದ ಶುರು. ದೀಪಾವಳಿ ಕಳೆದು ಬೇಣದ ಹುಲ್ಲು ಹಳದಿಯಾಗಿ ಕರಡ ಕೊಯ್ಯುವ ಹೊತ್ತಿಗೆ ಮೇಯುವುದು ಕಡಿಮೆಯಾಗುತ್ತದೆ. ನಾನು ಕೊಡುವುದು ಆಗ. ಮಳೆಗಾಲ ಪೂರ್ತಿ ಸೇರಿದ ಹುಳ ಒಂದೇ ಏಟಿಗೆ ಹೋಗಲಿ ಅಂತ. ವರ್ಷವಿಡೀ ಹಸಿರಿರುವ ತೋಟದ ಬದಿಯಲ್ಲಿ ಮೇಯಿಸುವವರಿಗೆ ವೈದ್ಯರು ಇನ್ನೊಮ್ಮೆ ಹೇಳಬಹುದು.

ಹುಲ್ಲು, ಲದ್ದಿ, ಗೊಬ್ಬರ

ಔಷಧ ಕುದುರೆಯೊಳಗಿನ ಹುಳವನ್ನು ತೆಗೆಯುತ್ತದೆ. ಹುಲ್ಲಿನಲ್ಲಿರುವ ನುಸಿಯನ್ನು ಮುಟ್ಟುವುದಿಲ್ಲ. ಮಾರನೇ ದಿನ ಅದೇ ಬೇಣಕ್ಕೆ ಬಿಟ್ಟರೆ ಮತ್ತೆ ಮೊದಲಿನಿಂದ. ನುಸಿ ಕೊಲ್ಲಲು ಏನಾದರೂ ಸಿಂಪಡಿಸಬಹುದಾ ಅಂತ ಒಬ್ಬರು ಕೇಳಿದ್ದರು. ಬೇಡ. ಮಣ್ಣನ್ನು ಮಣ್ಣು ಮಾಡುವ ಜೀವಿಗಳು ಅವು, ಮುಗಿಸಲೂ ಆಗದು, ಮುಗಿಸಲೂಬಾರದು. ನಮ್ಮ ಕೈಯಲ್ಲಿರುವುದು ನುಸಿಗೆ ಮೊಟ್ಟೆ ಸಿಗದಂತೆ ಮಾಡುವುದು.

ಅಂದರೆ ಲದ್ದಿ ಹೆಕ್ಕುವುದು. ಮೇಯುವ ಜಾಗದಿಂದ ವಾರಕ್ಕೆ ಎರಡು ಸಲವಾದರೂ. ದಿನಾ ಮಾಡಿದರೆ ಇನ್ನೂ ಒಳ್ಳೆಯದು. ಜಡಿಮಳೆಯಲ್ಲಿ ಲದ್ದಿ ಕರಗಿ ಹುಲ್ಲಿನ ಬುಡಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಜಾಸ್ತಿ ಹೆಕ್ಕಬೇಕು, ನಾವು ಹೆಕ್ಕುವುದು ಬೇಸಿಗೆಯಲ್ಲಿ. ಬಿದ್ದ ಲದ್ದಿಯನ್ನು ಕಾಲಿನಿಂದಲೋ ಕುಂಟೆಯಿಂದಲೋ ಹರಡಿ "ಒಣಗಲಿ" ಎನ್ನುವುದು ಒದ್ದೆ ಕಾಲದಲ್ಲಿ ತಲೆಕೆಳಗಿನ ಕೆಲಸ.

ಹೆಕ್ಕಿದ್ದನ್ನು ಎಲ್ಲಿ ಹಾಕುತ್ತೀರಿ? ನಮ್ಮ ಕಡೆಯ ಗುಟ್ಟು ಇಲ್ಲಿದೆ. ಹಸಿ ಲದ್ದಿಯನ್ನು ಅಡಿಕೆ ತೋಟಕ್ಕೆ ಹಾಕುತ್ತಾರೆ, ತೋಟದವರು ಕೇಳಿ ಒಯ್ಯುತ್ತಾರೆ ಕೂಡ. ತೋಟದ ನೆಲ ತಂಪು, ನೆರಳು, ದರಕಿನ ಮುಚ್ಚಿಗೆ. ನುಸಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕಾ? ಮೂರು ತಿಂಗಳ ಮೇಲೆ ಅದೇ ತೋಟದ ಹುಲ್ಲನ್ನು ಕೊಯ್ದು ತಂದು ಕುದುರೆಗೆ ಹಾಕುತ್ತಾರೆ. ಕುದುರೆ ಬೇಣಕ್ಕೆ ಕಾಲೇ ಇಟ್ಟಿಲ್ಲ, ಆದರೂ ಹುಳ ಹೇಗೆ ಬಂತು ಅಂತ ತಲೆ ಕೆರೆದುಕೊಳ್ಳುತ್ತಾರೆ. ಲದ್ದಿ ಹಾಕಿದ ತೋಟದ ಹುಲ್ಲು ದನಕ್ಕೆ ಹೋಗಲಿ. ಕುದುರೆಗೆ ಬೇರೆ ಕಡೆಯದ್ದು ತನ್ನಿ.

ಇಲ್ಲವೇ ಲದ್ದಿಯನ್ನು ಸರಿಯಾಗಿ ಕೊಳೆಯಿಸಿ. ಮೀಟರ್ ಉದ್ದ, ಮೀಟರ್ ಅಗಲ, ಮೀಟರ್ ಎತ್ತರದ ರಾಶಿಯಾದರೂ ಬೇಕು. ಇಲ್ಲವಾದರೆ ಒಳಗೆ ಕಾವೇ ಏರುವುದಿಲ್ಲ. ಕೈ ಇಡಲಾಗದಷ್ಟು, ಅಂದರೆ 55ರಿಂದ 60 ಡಿಗ್ರಿ ಬಿಸಿಯಾಗಬೇಕು. ಹೊರಗಿನದ್ದು ಒಳಗೆ ಹೋಗುವಂತೆ ಆಗಾಗ ಮಗುಚಿ. ಮಳೆಗಾಲದಲ್ಲಿ ಬಯಲಿನ ಗುಂಡಿಯಲ್ಲಿ ನೀರು ನಿಂತು ಗೊಬ್ಬರ ತಣ್ಣಗಾಗುತ್ತದೆ, ಅದು ಕೊಳೆತದ್ದಲ್ಲ, ನೆನೆದದ್ದು. ಮೇಲೆ ಮಡಲು ಅಥವಾ ಟಾರ್ಪಾಲು ಮುಚ್ಚಿ, ಸುತ್ತ ಕಾಲುವೆ ತೋಡಿ.

ದನಗಳನ್ನು ಕುದುರೆಯ ಜೊತೆ, ಇಲ್ಲವೇ ಕುದುರೆಯ ಹಿಂದೆ ಮೇಯಿಸುವುದು ಒಳ್ಳೆಯದೇ. ದನದ ಹೊಟ್ಟೆಗೆ ಹೋದ ಕುದುರೆಹುಳದ ಮರಿ ಅಲ್ಲಿಗೇ ಮುಗಿಯಿತು. ಹಿಂದಿನವರು ಇದಕ್ಕೇ ಅಂತ ಮಾಡಿದ್ದಲ್ಲದಿದ್ದರೂ ನಮ್ಮ ಬೇಣಗಳಿಗೆ ಅದರ ಲಾಭ ಸಿಕ್ಕಿದೆ.

ನುಸಿಗೆ ಬಿಸಿಲು ಆಗದು. ಇಬ್ಬನಿ ಇರುವ ಬೆಳಗ್ಗೆ, ತಂಪು ಇಳಿಯುವ ಸಂಜೆ ಹುಲ್ಲಿನ ಮೇಲೆ ಏರುತ್ತದೆ, ಬಿಸಿಲೇರಿದಂತೆ ಬುಡಕ್ಕೆ ಇಳಿಯುತ್ತದೆ. ಸಾಧ್ಯವಿದ್ದರೆ ಇಬ್ಬನಿ ಆರಿದ ಮೇಲೆ ಬಿಡಿ. ಹುಲ್ಲನ್ನು ಬುಡದವರೆಗೆ ಬೋಳಿಸಲು ಬಿಡಬೇಡಿ, ನುಸಿ ಇರುವುದೇ ಬುಡದಲ್ಲಿ. ಉತ್ತು ಬಿತ್ತುವ ಗದ್ದೆಗಿಂತ ಎಷ್ಟೋ ವರ್ಷದಿಂದ ಉಳದ ಬೇಣದಲ್ಲಿ ನುಸಿ ಜಾಸ್ತಿ. ಆ ಲೆಕ್ಕದಲ್ಲಿ ಭತ್ತದ ಗದ್ದೆಯ ಒಣಹುಲ್ಲು ಒಳ್ಳೆಯದು. ಅದನ್ನೊಂದೇ ತಿನ್ನಿಸಿ ಕುದುರೆ ಸಾಕಲಾಗದು ಎನ್ನುವುದು ಬೇರೆ ಮಾತು. ದಂಡೆಯ ಮರಳಿನಲ್ಲಿ ಬಿದ್ದ ಲದ್ದಿಯಿಂದ ಕುದುರೆಗೆ ಈ ಹುಳ ಬರುವ ಹೆದರಿಕೆ ಇಲ್ಲ, ಅಲ್ಲಿ ಮೇಯಲು ಹುಲ್ಲೇ ಇಲ್ಲವಲ್ಲ. ಆದರೂ ಹೆಕ್ಕಿ. ಜನ ಬರಿಗಾಲಲ್ಲಿ ಓಡಾಡುವ ಜಾಗ.

ಹೊಟ್ಟೆನೋವು ಜೋರಾದರೆ

ಮೇವು ತೆಗೆಯಿರಿ. ವೈದ್ಯರಿಗೆ ಫೋನು ಮಾಡಿ, ಆಮೇಲೆ ಉಳಿದದ್ದು. ಗುರುತಿನ ವೈದ್ಯರು ಸಿಗದಿದ್ದರೆ 1962ಕ್ಕೆ ಕರೆ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ ಅದು. "ಕುದುರೆ" ಅಂತ ಮೊದಲೇ ಹೇಳಿ.

ಅವರು ಬರುವಷ್ಟರಲ್ಲಿ ನಾಡಿ ಎಣಿಸಿ. ಕೆಳದವಡೆಯ ಮೂಳೆಯ ಒಳಅಂಚಿನಲ್ಲಿ ಬೆರಳಾಡಿಸಿದರೆ ಹುರಿಯಂಥ ರಕ್ತನಾಳ ಸಿಗುತ್ತದೆ. ಸುಮ್ಮನೆ ನಿಂತ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44. 60 ದಾಟಿದರೆ ಗಂಭೀರ. ಒಸಡು ತಿಳಿಗುಲಾಬಿ ಇದೆಯೋ, ಕೆಂಪು, ನೀಲಿ ತಿರುಗಿದೆಯೋ ನೋಡಿ. ಪಕ್ಕೆಗೆ ಕಿವಿ ಇಟ್ಟು ಗುಡುಗುಡು ಇದೆಯಾ ಕೇಳಿ. ಕೊನೆಯ ಲದ್ದಿ ಯಾವಾಗ, ಹುಳದ ಔಷಧ ಯಾವಾಗ, ಯಾವುದು, ಇವೆಲ್ಲ ಒಂದು ಚೀಟಿಯಲ್ಲಿ ಬರೆದಿಡಿ. ಕುದುರೆ ಒಪ್ಪಿದರೆ ನಿಧಾನ ನಡೆಸಿ. ಬಿದ್ದು ಹೊರಳುತ್ತಿದ್ದರೆ ಕಾಲಿನ ಹತ್ತಿರ ಹೋಗಬೇಡಿ.

ಬಾಟಲಿಯಿಂದ ಎಣ್ಣೆ ಹೊಯ್ಯುವ ಚಟ ನಮ್ಮಲ್ಲಿದೆ. ಕುದುರೆಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎಣ್ಣೆ ಬೇಕಿದ್ದರೆ ವೈದ್ಯರು ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ಕೊಡುತ್ತಾರೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ವಾಪಸ್ ಬರುವುದಿಲ್ಲ, ನೆನಪಿರಲಿ. ಮನೆಯಲ್ಲಿರುವ ನೋವಿನ ಸೂಜಿಮದ್ದನ್ನು ಕೇಳದೆ ಚುಚ್ಚಬೇಡಿ. ನೋವು ಮುಚ್ಚಿಹೋದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಕುದುರೆಯ ಹೊಟ್ಟೆ ಕುಯ್ಯುವ ಸೌಕರ್ಯ ನಮಗೆ ಹತ್ತಿರದಲ್ಲಿಲ್ಲ, ಘಟ್ಟ ಹತ್ತಿ ಗಂಟೆಗಟ್ಟಲೆ ಹೋಗಬೇಕು. ಅದಕ್ಕೇ ಬೆಳಗಾಗಲಿ ನೋಡೋಣ ಎನ್ನಬೇಡಿ.

ಹೊಸ ಕುದುರೆ ತಂದಾಗ

ಲಾರಿಯಿಂದ ಇಳಿಸಿ ನೇರ ಬೇಣಕ್ಕೆ ಬಿಡಬೇಡಿ. ಲಾಡಿಹುಳು ಹೊಸ ಜಾಗಕ್ಕೆ ಬರುವುದು ಹೀಗೆಯೇ. ಹಿಂದಿನ ಯಜಮಾನ "ಎಲ್ಲ ಔಷಧ ಹಾಕಿದ್ದೇನೆ" ಎಂದರೂ ಯಾವ ಔಷಧ ಅಂತ ಕೇಳಿ, ಖಾಲಿ ಟ್ಯೂಬ್ ಇದ್ದರೆ ನೋಡಿ. ಸಿಮೆಂಟ್ ನೆಲದಲ್ಲೋ, ಹುಲ್ಲಿಲ್ಲದ ಅಂಗಳದಲ್ಲೋ ಕಟ್ಟಿ. ವೈದ್ಯರು ಹೇಳಿದಂತೆ ಪ್ರಾಜಿಕ್ವಾಂಟೆಲ್ ಇರುವ ಪೇಸ್ಟ್ ಕೊಡಿ. ಆಮೇಲೆ ಮೂರು ದಿನ ಅಲ್ಲೇ ಇರಲಿ. ಸತ್ತ ಹುಳದ ಮೊಟ್ಟೆಯೆಲ್ಲ ಆ ದಿನಗಳ ಲದ್ದಿಯಲ್ಲಿ ಬರುತ್ತದೆ. ಆ ಲದ್ದಿ ಮಾತ್ರ ತೋಟಕ್ಕೂ ಬೇಡ, ಬೇಣಕ್ಕೂ ಬೇಡ, ಕಾವೇರಿದ ರಾಶಿಯ ನಡುಮಧ್ಯಕ್ಕೆ ಹಾಕಿ ಮುಚ್ಚಿ. ನಾಲ್ಕನೇ ದಿನ ಇಬ್ಬನಿ ಆರಿದ ಮೇಲೆ ಹೊರಗೆ ಬಿಡಿ.